ಆರು ಊರಿಗೆ ಒಂದೇ ತಂತಿ

ಚೈತ್ರಾ ಹಿರೇಹಳ್ಳಿಯ ಕಾರ್ಖಾನೆಗೆ ಸೇರಿದ ಮೇಲೆ ಒಂದು ಭಾನುವಾರ ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ತನ್ನ ಕೆಲಸ ಏನೆಂದು ಹೇಳಿದಳು. ಕಾರ್ಖಾನೆಗೆ ಬೇರೆ ಬೇರೆ ಊರುಗಳಲ್ಲಿ ಶಾಖೆಗಳಿವೆಯಂತೆ. ಎಲ್ಲ ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸಿದ್ದಾರಂತೆ. ಒಂದು ಕಂಪ್ಯೂಟರಿಗೆ ಇನ್ನೊಂದು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಅದು ಎಲ್ಲವನ್ನೂ ಕೂಗಿ ಕೇಳುತ್ತದಂತೆ. ಎಲ್ಲವೂ ಹೀಗೆ ಕೂಗತೊಡಗಿದರೆ ದಾರಿಯೆಲ್ಲ ಕೂಗಿನಿಂದಲೇ ತುಂಬಿ ಕೆಲಸದ ಮಾತಿಗೆ ಜಾಗ ಉಳಿಯುವುದಿಲ್ಲ. ನಡುವೆ ರೂಟರ್ ಎಂಬ ಪೆಟ್ಟಿಗೆ ಇಟ್ಟು, ಈ ಕಡೆಯ ಕೂಗು ಆ ಕಡೆಗೆ ದಾಟದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ.

"ನಿಂಗಿದೆಲ್ಲ ಅರ್ಥ ಆಗಲ್ಲ ಬಿಡಜ್ಜಿ," ಎಂದಳು.

"ಆಗ್ತದೆ ಕಣೇ. ಆ ಪೆಟ್ಟಿಗೆ ಕೆಲಸ ನಾನೂ ಮಾಡಿದೀನಿ."

ಅವಳು ನಕ್ಕಳು. ಮಿಕ್ಕ ಮೊಮ್ಮಕ್ಕಳೂ ನಕ್ಕರು. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಸಿಗುವುದಿಲ್ಲ, ಅದು ನಿಮಗೆಲ್ಲ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾವ ಹುದ್ದೆಯಲ್ಲಿ ನಿವೃತ್ತಿಯಾದೆ ಎಂಬುದೆಲ್ಲ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಾಗದಗಳಲ್ಲಿದೆ, ಬೇಕಾದವರು ನೋಡಿಕೊಳ್ಳಿ. ಆ ಕಾಗದಗಳಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಓದಿದ್ದು ಸಿ.ಎಸ್. ಪುರದ ಹೈಸ್ಕೂಲಿನಲ್ಲಿ. ಆಗ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಎಸ್.ಎಸ್.ಎಲ್.ಸಿ. ಅಂಕ ನೋಡಿ ಕರೆಯುತ್ತಿದ್ದರು. ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ ನನಗೂ ಕಾಗದ ಬಂತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಮಾತಾಡುವುದೇ ಆ ಕೆಲಸ ಎಂದು ತಿಳಿದಾಗ ನನಗೆ ಹೋಗುವುದೇ ಬೇಡವೆನಿಸಿತು. ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತುಕೊಳ್ಳುತ್ತಿದ್ದವಳು ನಾನು.

ಮೊದಲು ಹಾಕಿದ್ದು ತುಮಕೂರಿನಲ್ಲಿ, ಊರಿಂದೂರಿಗೆ ಕರೆ ಜೋಡಿಸುವ ಟ್ರಂಕ್ ಬೋರ್ಡಿಗೆ. ಗೋಡೆಯಷ್ಟು ಎತ್ತರದ ಬೋರ್ಡು, ಅದರ ತುಂಬ ತೂತುಗಳು, ಒಂದೊಂದು ತೂತಿಗೂ ಒಂದು ಪುಟ್ಟ ಮುಚ್ಚಳ. ಯಾರಾದರೂ ಫೋನಿನ ಹ್ಯಾಂಡಲ್ ತಿರುಗಿಸಿದರೆ ಅವರ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ಆ ತೂತಿಗೆ ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು. ಈ ಎರಡು ಪದವನ್ನು ನಾನು ಮೂರು ದಿನ ಬಾಯಿಪಾಠ ಮಾಡಿದ್ದೆ. ಮೊದಲ ಮುಚ್ಚಳ ಬಿದ್ದಾಗ ಬಾಯಿಂದ ಬಂದದ್ದು, "ಯಾರ್ ಬೇಕಾಗಿತ್ತಣ್ಣಾ?"

ಆ ಕಡೆ ಮಂಡಿಪೇಟೆಯ ವ್ಯಾಪಾರಿಯೊಬ್ಬರು. "ನಾನು ಎಕ್ಸ್‌ಚೇಂಜ್‌ಗೆ ಮಾಡಿದ್ನೋ, ನಮ್ಮತ್ತೆ ಮನೆಗೆ ಮಾಡಿದ್ನೋ?" ಎಂದರು. ನಾನು ಗಾಬರಿಯಲ್ಲಿ ಪ್ಲಗ್ ಕಿತ್ತುಬಿಟ್ಟೆ.

ನಮ್ಮ ಸೂಪರ್‌ವೈಸರ್ ಲೀಲಮ್ಮನವರು ಬೈಯಲಿಲ್ಲ. ಹತ್ತಿರ ಬಂದು, "ನೋಡು ಗಂಗಮ್ಮ, ನಿನ್ನ ಮುಖ ಅವರಿಗೆ ಕಾಣಲ್ಲ. ನಾಚ್ಕೊಂಡು ಏನ್ ಪ್ರಯೋಜನ?" ಎಂದರು. ಆಮೇಲೆ ಕಲಿಸಿದ ಪಾಠ ಇದು: ಇಬ್ಬರನ್ನು ಜೋಡಿಸಿದ ಮೇಲೆ ಆಪರೇಟರ್ ಅಲ್ಲಿಂದ ಹೊರಗೆ ಬರಬೇಕು, ಅವರ ಮಾತು ನಮ್ಮದಲ್ಲ. ಒಂದೇ ತಂತಿಯಲ್ಲಿ ಹಲವರು ಇದ್ದರೆ, ಬೇಕಾದವರು ಸಿಕ್ಕ ತಕ್ಷಣ "ಉಳಿದವರು ದಯವಿಟ್ಟು ಫೋನ್ ಇಡಿ" ಎಂದು ಗಟ್ಟಿಯಾಗಿ ಹೇಳಿ, ಎಲ್ಲರೂ ಇಟ್ಟ ಮೇಲೆ ಜೋಡಿಸಬೇಕು. ತುಮಕೂರಿನಲ್ಲಿ ಈ ಎರಡನೆಯ ಪಾಠ ನನಗೆ ಬೇಕಾಗಲಿಲ್ಲ.

ಮದುವೆಯಾದ ಮೇಲೆ ಗುಬ್ಬಿಗೆ ವರ್ಗ ಮಾಡಿಸಿಕೊಂಡೆ. ನಿಮ್ಮ ತಾತ ಅಲ್ಲಿ ಬೀಜದ ಗೋದಾಮಿನಲ್ಲಿ ಗುಮಾಸ್ತರು. ಗುಬ್ಬಿಯದು ಚಿಕ್ಕ ಎಕ್ಸ್‌ಚೇಂಜ್, ಒಂದು ಪಾಳಿಗೆ ಒಬ್ಬರೇ ಆಪರೇಟರ್. ಅಲ್ಲಿದ್ದ ಹಳ್ಳಿಯ ಲೈನುಗಳಲ್ಲಿ ಒಂದನ್ನು ನಾವು ಆರೂರ ಲೈನ್ ಎನ್ನುತ್ತಿದ್ದೆವು. ಗುಬ್ಬಿಯಿಂದ ಹೊರಟು ಕುಣಿಗಲ್ ತಾಲ್ಲೂಕಿನ ಅಂಚಿನವರೆಗೆ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದ ಒಂದೇ ಜೋಡಿ ತಂತಿ. ಅದರಲ್ಲಿ ಆರು ಊರಿನ ಸಾರ್ವಜನಿಕ ಫೋನುಗಳು, ಊರಿಗೊಂದರಂತೆ ಅಂಚೆಮನೆಯಲ್ಲೋ ಅಂಗಡಿಯಲ್ಲೋ ನೇತುಹಾಕಿದವು.

ತಂತಿ ಒಂದೇ ಆದ್ದರಿಂದ ನಾನು ಇಲ್ಲಿ ಹ್ಯಾಂಡಲ್ ತಿರುಗಿಸಿದರೆ ಆರು ಊರಿನಲ್ಲೂ ಗಂಟೆ ಬಾರಿಸುತ್ತಿತ್ತು. ಯಾರಿಗೆ ಎಂದು ತಿಳಿಯುವುದಕ್ಕೆ ಒಂದೊಂದು ಊರಿಗೂ ಒಂದು ಗುರುತು. ಒಂದು ಊರಿಗೆ ಒಂದು ಉದ್ದ ಗಂಟೆ ಎರಡು ಗಿಡ್ಡ, ಇನ್ನೊಂದಕ್ಕೆ ಎರಡು ಉದ್ದ, ಅಡ್ಡರಸ್ತೆಯಲ್ಲಿದ್ದ ಬಾಷಾ ಸಾಹೇಬರ ಅಂಗಡಿಗೆ ಮೂರು ಗಿಡ್ಡ. ನಾವು ಆಪರೇಟರುಗಳು ಊರಿನ ಹೆಸರನ್ನೇ ಹೇಳುತ್ತಿರಲಿಲ್ಲ. "ಮೂರು ಗಿಡ್ಡ ಎತ್ತುತ್ತಿಲ್ಲ", "ಎರಡುದ್ದದಲ್ಲಿ ಲೈನ್ ಕೆಟ್ಟಿದೆ" ಹೀಗೇ ನಮ್ಮ ಮಾತು. ನಾನು ಬರೆಯಲಿರುವ ವಿಷಯದಿಂದ ಯಾರಿಗೂ ಈಗ ಬೇಸರವಾಗಬಾರದು, ಆದ್ದರಿಂದ ಇಲ್ಲೂ ಊರಿನ ಹೆಸರು ಹಾಕುವುದಿಲ್ಲ.

ಇದಲ್ಲದೆ ಎಲ್ಲರ ಗಂಟೆ ಎಂದು ಒಂದಿತ್ತು. ಕೈ ಸೋಲುವ ತನಕ ಹ್ಯಾಂಡಲ್ ತಿರುಗಿಸಿದರೆ ಆರೂ ಊರಿನವರು ಎತ್ತಬೇಕು. ಕೆರೆ ಏರಿ ಒಡೆಯುವ ಹಾಗಿದ್ದರೆ ತಿಳಿಸುವುದಕ್ಕೆ ಅದು. ಆದರೆ ಯಾರು ಎಲ್ಲಿದ್ದಾರೆ ಎಂದು ಹುಡುಕುವುದಕ್ಕೂ ನಾವು ಅದನ್ನೇ ಬಳಸುತ್ತಿದ್ದೆವು. ಸುಲಭ ನೋಡಿ. "ಚಿಕ್ಕಣ್ಣನೋರು ಎಲ್ಲಾದ್ರೂ ಅವ್ರಾ?" ಎಂದು ಕೇಳಿದರೆ, "ಇಲ್ಲೇ ನಮ್ಮ ಜಗುಲಿ ಮೇಲೆ ಎಲೆಅಡಿಕೆ ಹಾಕ್ಕಂಡು ಕುಂತವ್ನೆ" ಎಂದು ಯಾರೋ ಒಬ್ಬರು ಹೇಳುತ್ತಿದ್ದರು.

ಆದರೆ ಯಾರ ಗಂಟೆ ಬಂದರೂ ಆರು ಊರಿನವರೂ ಎತ್ತುತ್ತಿದ್ದರು. ಅದನ್ನು ತಪ್ಪು ಎಂದು ಯಾರೂ ತಿಳಿದಿರಲಿಲ್ಲ. ಜಗುಲಿಯ ಮೇಲೆ ಇಬ್ಬರು ಮಾತಾಡುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಲ್ಲುವುದಿಲ್ಲವೇ, ಹಾಗೆ. ಒಮ್ಮೆ ಹೆಣ್ಣು ನೋಡುವ ಮಾತು ನಡೆಯುತ್ತಿತ್ತು.

"ಹುಡುಗಿ ಎಷ್ಟು ಓದವ್ಳೆ?"

"ಏಳ್ನೇ ಕ್ಲಾಸ್ ಪಾಸು."

ನಡುವೆ ಮೂರನೆಯ ದನಿ: "ಸುಳ್ಳು ಕಣಣ್ಣೋ. ಆರಕ್ಕೇ ಬಿಟ್ಟವ್ಳೆ."

"ಯಾವನ್ಲಾ ಅವ್ನು ಮಧ್ಯಕ್ಕೆ ಬಾಯಾಕೋನು?"

"ಹುಡುಗಿ ಸೋದರಮಾವ ಕಣಯ್ಯ! ನಂಗ್ ಗೊತ್ತಿಲ್ವಾ?"

ಆ ಹುಡುಗಿಯ ಮದುವೆ ಆಯಿತು. ಸೋದರಮಾವನಿಗೇ ಕೊಟ್ಟರು ಎಂದು ಆಮೇಲೆ ಕೇಳಿದೆ.

ನಗು ಬರುತ್ತದೆ, ಆದರೆ ಇದರಲ್ಲಿ ಒಂದು ತೊಂದರೆ ಇತ್ತು. ಒಂದು ನಲ್ಲಿಗೆ ಆರು ಕೊಡ ಹಿಡಿದರೆ ಯಾವ ಕೊಡಕ್ಕೂ ನೀರು ಸರಿಯಾಗಿ ಬೀಳುವುದಿಲ್ಲ. ಒಂದೊಂದು ರಿಸೀವರ್ ಎತ್ತಿದಾಗಲೂ ಟಿಕ್ ಎಂದು ಸದ್ದಾಗಿ ತಂತಿಯಲ್ಲಿನ ದನಿ ಅಷ್ಟು ತೆಳುವಾಗುತ್ತಿತ್ತು. ಆರೂ ಎತ್ತಿದರೆ ತುಮಕೂರಿನಿಂದ ಬರುವ ಮಾತು ಬಾವಿಯ ತಳದಿಂದ ಬಂದ ಹಾಗೆ ಕೇಳುತ್ತಿತ್ತು. "ಉಳಿದವರು ಫೋನ್ ಇಡಿ" ಎನ್ನಬೇಕಾದವಳು ನಾನು. ಆ ಕಡೆ ಇದ್ದವರು ನನ್ನ ತಂದೆಯ ವಯಸ್ಸಿನವರು, ಗೌಡರು, ಪಟೇಲರು. ಅದೂ ನನ್ನ ಊರಿನ ಕಡೆಯವರೇ. ಇಡಿ ಎಂದು ಅವರಿಗೆ ಹೇಳಲು ನಾಲಗೆ ಹೊರಳುತ್ತಿರಲಿಲ್ಲ. ಮೆಲ್ಲಗೆ ಒಂದು ಸಲ ಅಂದು ಸುಮ್ಮನಾಗುತ್ತಿದ್ದೆ. ಕೆಲವು ಸಲ ಅದನ್ನೂ ಅನ್ನುತ್ತಿರಲಿಲ್ಲ.

ಆ ನಾಚಿಕೆಯ ಫಲವನ್ನು ಬೇರೊಬ್ಬರು ಉಂಡರು.

ಒಂದುದ್ದ ಎರಡುಗಿಡ್ಡದ ಊರಿನ ಶಾಲೆಗೆ ವಿಮಲಾ ಎಂಬ ಟೀಚರ್ ಬಂದಿದ್ದರು. ತುಮಕೂರಿನವರು, ಒಬ್ಬರೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಮಕ್ಕಳಿಗೆ ತಲೆ ಬಾಚಿ ಪಾಠ ಶುರು ಮಾಡುವವರು ಎಂದು ಅವರ ಬಗ್ಗೆ ಲೈನಿನಲ್ಲಿ ಕೇಳಿದ್ದೆ. ಒಂದು ಮಧ್ಯಾಹ್ನ ತುಮಕೂರಿನ ಎದೆರೋಗದ ಡಾಕ್ಟರೊಬ್ಬರಿಂದ ಅವರಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬಂತು. ಆ ಊರಿನ ಗುರುತು ಮೂರು ಸಲ ಬಾರಿಸಿದೆ. ಪೋಸ್ಟ್ ಮಾಸ್ಟರು ತೋಟಕ್ಕೆ ಹೋಗಿದ್ದರೋ ಏನೋ, ಆ ಊರಿನಿಂದ ಯಾರೂ ಎತ್ತಲಿಲ್ಲ. ಡಾಕ್ಟರು ಅವಸರ ಮಾಡುತ್ತಿದ್ದರು. ನಾನು ಎಲ್ಲರ ಗಂಟೆ ಹೊಡೆದೆ.

"ವಿಮಲಾ ಟೀಚರ್ ಎಲ್ಲಾದ್ರೂ ಇದಾರಾ?"

ಬಾಷಾ ಸಾಹೇಬರು ಎತ್ತಿದ್ದರು. "ಇಲ್ಲೇ ಬಸ್ಸಿಗೆ ಕಾಯ್ತಾವ್ರೆ ಕಣಮ್ಮ, ಕರೀತೀನಿ ಇರಿ."

ಟೀಚರ್ ಬಂದು "ಹಲೋ" ಎಂದರು. ಎಲ್ಲರ ಗಂಟೆ ಕೇಳಿ ಅವರ ಊರಿನಲ್ಲೂ ಯಾರೋ ಎತ್ತಿದ್ದರು, ಮಿಕ್ಕ ಐವರೂ ಇನ್ನೂ ಲೈನಿನಲ್ಲೇ ಇದ್ದರು. ಟಿಕ್ ಸದ್ದು ಎಣಿಸಿದ್ದೆ, ನನಗೆ ಗೊತ್ತಿತ್ತು. ಉಳಿದವರು ಇಡಿ ಎಂದು ಹೇಳಲಿಲ್ಲ. ಹಾಗೇ ಜೋಡಿಸಿಬಿಟ್ಟೆ.

ಜೋಡಣೆ ಸರಿಯಿದೆಯೇ ಎಂದು ನೋಡಲು ನಿಂತಿದ್ದರಿಂದ ಡಾಕ್ಟರು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು. ಅವರ ಲೈನ್ ನೇರವಾಗಿ ನನ್ನ ಬೋರ್ಡಿಗೆ ಬರುತ್ತಿತ್ತು. ಕಫದ ಪರೀಕ್ಷೆಯಲ್ಲಿ ಟಿ.ಬಿ. ಕಂಡಿದೆ, ಶುರುವಿನಲ್ಲೇ ಸಿಕ್ಕಿದೆ, ಹೆದರಬೇಡಿ, ಔಷಧಿ ತಪ್ಪಿಸದಿದ್ದರೆ ಪೂರ್ತಿ ವಾಸಿಯಾಗುತ್ತದೆ, ಇವತ್ತೇ ಬಂದುಬಿಡಿ. ಆದರೆ ಆ ಕಡೆ ಟೀಚರಿಗೆ ಏನೂ ಕೇಳುತ್ತಿರಲಿಲ್ಲ. "ಏನಂದ್ರಿ ಸಾರ್? ಕೇಳಿಸ್ತಿಲ್ಲ" ಎನ್ನುತ್ತಿದ್ದರು. ಡಾಕ್ಟರು ದನಿ ಏರಿಸಿ, "ಟಿ.ಬಿ., ಟಿ.ಬಿ.!" ಎಂದು ಎರಡು ಮೂರು ಸಲ ಕೂಗಿದರು. ಆ ಒಂದು ಪದ ಆರು ಊರಿಗೂ ಮುಟ್ಟಿತು. ವಾಸಿಯಾಗುತ್ತದೆ ಎಂಬುದು ಯಾವ ಊರಿಗೂ ಮುಟ್ಟಲಿಲ್ಲ.

ಎರಡು ವಾರದ ಮೇಲೆ ಬಾಷಾ ಸಾಹೇಬರಿಂದ ಮಿಕ್ಕದ್ದು ತಿಳಿಯಿತು. ಅವರು ಬೀಗ ರಿಪೇರಿ ಮಾಡುವವರು, ಜೊತೆಗೆ ಚಿಲ್ಲರೆ ಸಾಮಾನಿನ ಅಂಗಡಿ. ಮಾತು ಕಡಿಮೆ. ಅವತ್ತು ಮಾತ್ರ ತಾವಾಗಿ ಗಂಟೆ ಹೊಡೆದು ಹೇಳಿದರು.

"ಗಂಗಮ್ಮಾ, ಆ ಟೀಚರಮ್ಮನ ಸಾಮಾನು ಬೀದಿಗೆ ಇಟ್ಟವ್ರೆ. ಬಾಡಿಗೆ ಮನೆಯೋರು ಕೊಡಪಾನ ಮುಟ್ಟಕ್ಕೆ ಬಿಡ್ಲಿಲ್ವಂತೆ. ಇಸ್ಕೂಲಿಗೆ ಒಂದು ಮಗೂನೂ ಬತ್ತಿಲ್ಲ. ತುಮಕೂರಿಗೆ ಅಕ್ಕನ ಮನೆಗೆ ಹೋದ್ರು, ಪಾಪ. ಬಸ್ ಬರೋವರ್ಗೂ ನಮ್ಮಂಗ್ಡಿ ಮುಂದೇನೇ ಕುಂತಿದ್ರು. ನಮ್ಮ ಮನೆಯೋಳು ಟೀ ಕೊಟ್ಲು. ಲೋಟ ತೊಳ್ದು ಇಟ್ಟೋದ್ರು."

"ಇನ್ಮೇಲೆ ಬರಲ್ವಂತಾ?" ಎಂದು ಕೇಳಿದೆ.

"ವಾಸಿ ಮಾಡ್ಕೊಂಡು ಇದೇ ಇಸ್ಕೂಲಿಗೆ ಬತ್ತೀನಿ ಅಂದ್ರು. ಊರೋರು ಬುಡಬೇಕಲ್ಲ."

ಮನೆಗೆ ಬಂದು ನಿಮ್ಮ ತಾತನಿಗೆ ಹೇಳಿಕೊಂಡು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡುವ ಸುಳ್ಳು ಹೇಳಲಿಲ್ಲ. "ತಪ್ಪು ನಿಂದೂ ಇದೆ, ಲೈನಿಂದೂ ಇದೆ. ನಿಂದು ನೀನು ಸರಿ ಮಾಡ್ಕೋ. ಲೈನಿಂದು ಜೆ.ಇ.ಗೆ ಹೇಳು," ಎಂದರು.

ಹೇಳುವುದು ನನ್ನಿಂದ ಆಗದ ಕೆಲಸ. ಒಂದು ನೋಟ್‌ಬುಕ್ ತಂದು ಬರೆಯತೊಡಗಿದೆ. ಆರೂರ ಲೈನಿಗೆ ಬಂದ ಕರೆ ಯಾರಿಗೆ, ಅವರು ಎಲ್ಲಿ ಸಿಕ್ಕರು, ಎಷ್ಟು ಟಿಕ್ ಆಯಿತು, ಮಾತು ಕೇಳಿಸಿತೋ ಇಲ್ಲವೋ. ಒಂದು ತಿಂಗಳಾಗುವಷ್ಟರಲ್ಲಿ ಎರಡು ವಿಷಯ ಕಣ್ಣಿಗೆ ಹೊಡೆಯಿತು. ಒಂದು, ಜನ ಎಲ್ಲೆಂದರಲ್ಲಿ ಇರುವುದಿಲ್ಲ. ಚಿಕ್ಕಣ್ಣನವರು ಸೋಮವಾರ ಯಾವಾಗಲೂ ಎರಡುದ್ದದ ಊರಿನ ಸಂತೆಯಲ್ಲೇ ಇರುತ್ತಾರೆ. ಒಮ್ಮೆ ಬರೆದಿಟ್ಟುಕೊಂಡರೆ ಮತ್ತೆ ಆರು ಊರನ್ನು ಎಬ್ಬಿಸುವ ಅಗತ್ಯವೇ ಇಲ್ಲ. ಇನ್ನೊಂದು, ಅಡ್ಡರಸ್ತೆಯಿಂದ ಈಚೆಗಿನ ಮೂರು ಊರಿನವರ ವ್ಯವಹಾರವೆಲ್ಲ ಗುಬ್ಬಿಯ ಕಡೆಗೆ, ಆಚೆಗಿನ ಎರಡು ಊರಿನವರದು ಕುಣಿಗಲ್ ಕಡೆಗೆ. ಕುಣಿಗಲ್‌ಗೆ ಒಂದು ಕರೆ ಹೋಗಬೇಕಾದರೆ ಗುಬ್ಬಿಗೆ ಬಂದು, ತುಮಕೂರಿಗೆ ಹತ್ತಿ, ಅಲ್ಲಿಂದ ಮತ್ತೆ ಕುಣಿಗಲ್‌ಗೆ ಇಳಿಯಬೇಕಿತ್ತು. ಅಷ್ಟು ಹೊತ್ತೂ ಈಚೆಯ ಮೂರು ಊರಿನ ಗಂಟೆಗಳು ಸುಮ್ಮಸುಮ್ಮನೆ ಬಾರಿಸುತ್ತಿದ್ದವು.

ನೋಟ್‌ಬುಕ್ಕನ್ನು ಜೂನಿಯರ್ ಇಂಜಿನಿಯರ್ ಅನಂತಯ್ಯನವರ ಮೇಜಿನ ಮೇಲಿಟ್ಟು ಬಂದೆ. ಅವರು ಒಳ್ಳೆಯವರೇ, ಸ್ವಲ್ಪ ಚುಚ್ಚಿ ಮಾತಾಡುವವರು.

"ಏನ್ ಗಂಗಮ್ಮನೋರೇ, ನಂಗೊತ್ತಿಲ್ದಂಗೆ ಇಂಜಿನಿಯರಿಂಗ್ ಪಾಸ್ ಮಾಡ್ಬಿಟ್ರಾ?"

ನಾನು ನೆಲ ನೋಡಿದೆ. "ಒಂದರ್ಧ ಗಂಟೆ ಕೇಳಿ ಸಾರ್," ಎಂದು ಹೆಡ್‌ಫೋನ್ ಅವರ ಕೈಗೆ ಕೊಟ್ಟೆ.

ಅವರು ಕೂತರು. ಅದೇ ಹೊತ್ತಿಗೆ ಎರಡುದ್ದದ ಊರಿನವರೊಬ್ಬರು ಇನ್ನೊಂದು ಊರಿನವರಿಗೆ ಹೇಳುತ್ತಿದ್ದರು. "ಕೇಳ್ಸಲ್ಲ ಕಣೋ, ಜೋರಾಗ್ ಮಾತಾಡು. ಆ ಬೋಳ್ತಲೆ ಜೆ.ಇ. ಬಂದು ಕಂಬ ಮುಟ್ಟಿ ನೋಡ್ಕಂಡು, ಎಳನೀರು ಕುಡ್ದು ಹೋದ. ಎಳನೀರು ಸರಿಯಾಗೈತೆ ಅಂದ."

ಅನಂತಯ್ಯನವರು ತಲೆಯಿಂದ ಹೆಡ್‌ಫೋನ್ ತೆಗೆದು ಕೆಳಗಿಟ್ಟರು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

"ಕಟ್ ಮಾಡಣ ಬಿಡಿ ಈ ಲೈನ್‌ನ," ಎಂದರು. ಆಮೇಲೆ ಅವರೂ ನಕ್ಕರು.

ಬೇಗ ಆಗಲಿಲ್ಲ. ಮೇಲಿನವರಿಗೆ ಬರೆದು, ನೆನಪಿಸಿ, ಮತ್ತೆ ಬರೆದು, ಮಳೆಗಾಲ ಕಳೆದ ಮೇಲೆ ಅಪ್ಪಣೆ ಬಂತು. ಕೊನೆಯ ಊರಿನಿಂದ ಕುಣಿಗಲ್ ಲೈನಿಗೆ ಕೆಲವು ಕಂಬ ನೆಟ್ಟರು. ನಡುವೆ ಬಾಷಾ ಸಾಹೇಬರ ಅಂಗಡಿಯಲ್ಲಿ ತಂತಿಯನ್ನು ಕತ್ತರಿಸಿ ಒಂದು ಮರದ ಪೆಟ್ಟಿಗೆ ಕೂರಿಸಿದರು. ಅದರಲ್ಲಿ ಒಂದು ಸ್ವಿಚ್ಚು. ಸ್ವಿಚ್ ತೆಗೆದಿದ್ದರೆ ತಂತಿ ಎರಡು ತುಂಡು, ಈಚೆಯ ಊರುಗಳು ಗುಬ್ಬಿಗೆ, ಆಚೆಯವು ಕುಣಿಗಲ್‌ಗೆ. ಈ ಕಡೆಯ ಗಂಟೆ ಆ ಕಡೆ ಬಾರಿಸದು. ಆ ಕಡೆಯವರಿಗೆ ಈ ಕಡೆಯವರು ಬೇಕಾದರೆ ಅಂಗಡಿಗೆ ಹೇಳಬೇಕು, ಅಂಗಡಿಯವರು ಸ್ವಿಚ್ ಹಾಕಿ ಜೋಡಿಸಬೇಕು. ಚೈತ್ರಾ, ನಿನ್ನ ಪೆಟ್ಟಿಗೆಯಲ್ಲಿ ದೀಪ ಮಿನುಗುತ್ತದೆ ಎಂದೆಯಲ್ಲ, ನಮ್ಮದರಲ್ಲಿ ಅದೊಂದು ಇರಲಿಲ್ಲ.

ಹೊಸ ವ್ಯವಸ್ಥೆಯಲ್ಲಿ ಮೊದಲ ಎಡವಟ್ಟು ಶುಕ್ರವಾರ ಆಯಿತು. ಬಾಷಾ ಸಾಹೇಬರು ಅಂಗಡಿ ಬಾಗಿಲು ಎಳೆದುಕೊಂಡು ನಮಾಜಿಗೆ ಹೋದರು. ಜೋಡಿಸುವವರಿಲ್ಲದೆ ಎರಡು ಕಡೆಯವರೂ ಮಧ್ಯಾಹ್ನವಿಡೀ ಗಂಟೆ ಹೊಡೆದದ್ದೇ ಹೊಡೆದದ್ದು. ನಮ್ಮಲ್ಲಿ ಯಾರಿಗೂ ಇದು ಮೊದಲೇ ಹೊಳೆದಿರಲಿಲ್ಲ. ಮುಂದಿನ ಶುಕ್ರವಾರ ನಾನು ಭಯಪಡುತ್ತಲೇ ಮೂರು ಗಿಡ್ಡ ಬಾರಿಸಿದೆ. ಒಂದು ಹೆಣ್ಣುದನಿ, ಬಹಳ ಮೆಲ್ಲಗೆ, "ಹೇಳಿ ಅಕ್ಕಾ" ಎಂದಿತು.

ಅದು ಬಾಷಾ ಸಾಹೇಬರ ಹೆಂಡತಿ ಅಮೀನಾಬಿ. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ. ಪರದೆಯಾಚೆಗೆ ಕೂತು ಗಂಡ ಸ್ವಿಚ್ ಹಾಕುವುದನ್ನು ಕೇಳಿ ಕೇಳಿ ಕಲಿತಿದ್ದಳು. ಪೆಟ್ಟಿಗೆಯನ್ನು ಪರದೆಯ ಪಕ್ಕಕ್ಕೆ ಸರಿಸಿಕೊಂಡು ಆ ದಿನದಿಂದ ಅವಳೇ ನೋಡಿಕೊಂಡಳು. ಗಂಡನಿಗಿಂತ ಚುರುಕು. ಯಾರು ಎಲ್ಲಿದ್ದಾರೆ ಎಂಬುದು ನನ್ನ ನೋಟ್‌ಬುಕ್ಕಿಗಿಂತ ಚೆನ್ನಾಗಿ ಅವಳ ತಲೆಯಲ್ಲಿತ್ತು. ಅವಳೂ ನನ್ನ ಹಾಗೆ, ಎದುರು ಸಿಕ್ಕವರ ಮುಂದೆ ಬಾಯಿ ಬಿಡದವಳು. ವರ್ಷಗಟ್ಟಲೆ ದಿನವೂ ಮಾತಾಡಿದೆವು. ಮುಖ ನೋಡಿದ್ದು ಒಂದೇ ಸಲ, ಅವಳ ಮಗಳ ಮದುವೆಯಲ್ಲಿ. ಇಬ್ಬರಿಗೂ ಮಾತು ಹೊರಡದೆ ಕೈ ಹಿಡಿದುಕೊಂಡು ನಿಂತಿದ್ದೆವು.

ಎಲ್ಲರಿಗೂ ಈ ಬದಲಾವಣೆ ಹಿಡಿಸಿತು ಎಂದು ಹೇಳಲಾರೆ. "ರೇಡಿಯೋ ಕಿತ್ಕಂಡು ಹೋದಂಗಾಯ್ತು ಕಣವ್ವ," ಎಂದು ಒಬ್ಬ ಅಜ್ಜಿ ನನ್ನನ್ನು ಬೈದರು. ಅವರ ಮಾತಿನಲ್ಲಿ ನಿಜವಿತ್ತು. ಆಚೆ ಊರಿನಲ್ಲಿ ಯಾರಿಗೆ ಹೆರಿಗೆಯಾಯಿತು, ಯಾರ ಹಸು ಕಳೆದಿದೆ ಎಂಬುದು ಈಚೆ ಊರಿಗೆ ತಿಳಿಯುವುದು ನಿಂತಿತು. ಕಳೆದ ಹಸು ಹಿಂದೆಲ್ಲ ಸಂಜೆಯೊಳಗೆ ಸಿಗುತ್ತಿತ್ತು. ಇಂಥ ಕೆಲಸಕ್ಕೆ ಹೋಗುವವರು ಇದನ್ನೂ ತಿಳಿದಿರಬೇಕು. ಕೂಗು ತಡೆದಾಗ ಅದರ ಜೊತೆ ಬರುತ್ತಿದ್ದ ಒಳ್ಳೆಯದೂ ಸ್ವಲ್ಪ ನಿಲ್ಲುತ್ತದೆ.

ಆಮೇಲೆ ಡಯಲ್ ಬಂತು, ನಮ್ಮ ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕಿದರು. ನೇರವಾಗಿ ದೂರದ ಊರಿಗೆ ತಿರುಗಿಸುವುದು ಬಂದ ಮೇಲೆ ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳು ರಸ್ತೆಗೊಂದು ಎದ್ದವು. ನಮ್ಮನ್ನು ಬಿಲ್ಲು, ದೂರು, ವಿಚಾರಣೆಯ ಮೇಜುಗಳಿಗೆ ಹಾಕಿದರು. ಅದರ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ನಾನು ಹೇಳಬೇಕಾಗಿರುವುದು ಅದಕ್ಕೂ ಹಿಂದಿನದು, ಲೈನ್ ಕತ್ತರಿಸಿ ಒಂದು ವರ್ಷವಾಗಿದ್ದಾಗಿನದು.

ಒಂದು ಬೆಳಿಗ್ಗೆ ಎಕ್ಸ್‌ಚೇಂಜಿನ ಕಿಟಕಿಯ ಬಳಿ ಒಬ್ಬ ಹೆಂಗಸು ಬಂದು ನಿಂತರು. ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಬಟ್ಟೆಯ ಚೀಲ.

"ಗಂಗಮ್ಮ ಅಂದ್ರೆ ನೀವೇನಾ? ನಾನು ವಿಮಲಾ. ಟೀಚರ್."

ನಾನು ಎದ್ದು ನಿಂತೆ. ಹೆಡ್‌ಫೋನ್ ಇನ್ನೂ ತಲೆಯ ಮೇಲಿತ್ತು, ತಂತಿ ಎಳೆದು ಮತ್ತೆ ಕೂರುವ ಹಾಗಾಯಿತು.

"ಅವತ್ತು ಎಲ್ಲರ ಗಂಟೆ ಹೊಡೆದೋರು ನೀವೇ ಅಲ್ವಾ?"

"ಹೌದು," ಎಂದೆ. "ಉಳಿದೋರು ಇಡಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪಾಯ್ತು."

ಅವರು ಪರವಾಗಿಲ್ಲ ಎಂದು ಹೇಳಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದರು. "ನಂಗೆ ವಾಸಿಯಾಗಿದೆ. ಡಾಕ್ಟ್ರು ಬರ್ಕೊಟ್ಟಿದಾರೆ. ಇಲಾಖೆಯೋರು ಅದೇ ಸ್ಕೂಲಿಗೆ ಹೋಗಿ ಅಂದಿದಾರೆ. ಊರೋರು ಈ ಕಾಗದ ನೋಡಿ ಏನಂದ್ರು ಗೊತ್ತಾ? ಕಾಗದ ಯಾರು ಬೇಕಾದ್ರೂ ಬರ್ಸ್ಕೊಂಡ್ ಬರ್ತಾರೆ, ಕಾಯಿಲೆ ಐತೆ ಅಂತ ಡಾಕ್ಟ್ರ ಬಾಯಲ್ಲೇ ನಾವು ಕಿವಿಯಾರೆ ಕೇಳಿದೀವಿ ಅಂದ್ರು. ನಾಳೆ ಸಂಜೆಯೊಳಗೆ ಅವ್ರಿಗೆ ನಂಬಿಕೆ ಬರದೇ ಇದ್ರೆ ನನ್ನ ಬೇರೆ ಕಡೆ ಹಾಕಿ ಅಂತ ಅರ್ಜಿ ಕೊಡ್ತಾರಂತೆ."

"ಬೇರೆ ಊರಿಗೆ ಹೋದ್ರೆ ಆಗಲ್ವಾ?" ಎಂದು ಕೇಳಿದೆ.

"ಅಲ್ಲಿಗೂ ಈ ಮಾತು ಮುಂಚೆನೇ ಹೋಗಿರುತ್ತೆ. ಗುಣ ಆಗಿದೆ ಅನ್ನೋದು ಮಾತ್ರ ಹೋಗಿರಲ್ಲ. ಆಮೇಲೆ ಎಷ್ಟು ಊರು ಬಿಡ್ಲಿ ನಾನು?" ಅವರು ಕಿಟಕಿಯ ಸರಳು ಹಿಡಿದುಕೊಂಡರು. "ನಾಳೆ ಹನ್ನೊಂದು ಗಂಟೆಗೆ ಡಾಕ್ಟ್ರು ಫೋನ್ ಮಾಡ್ತಾರೆ. ನಾನು ಊರಲ್ಲಿ ಫೋನ್ ಹತ್ರ ಇರ್ತೀನಿ, ಊರೋರ್ನೂ ಕರ್ದಿದೀನಿ. ನೀವು ಅವತ್ತಿನ ಥರಾನೇ ಆರು ಊರಿಗೂ ಗಂಟೆ ಹೊಡೀರಿ. ಎಲ್ರೂ ಎತ್ಲಿ. ಎಲ್ರೂ ಕೇಳ್ಲಿ."

ಒಂದು ವರ್ಷ ಕಷ್ಟಪಟ್ಟು ಯಾರನ್ನು ದೂರ ಇಟ್ಟಿದ್ದೆನೋ ಅವರನ್ನೆಲ್ಲ ಮತ್ತೆ ಕರೆಯಿರಿ ಎಂದು ಕೇಳಲು ಬಂದಿದ್ದರು, ಅದೂ ಯಾರ ಸಲುವಾಗಿ ನಾನು ಕಷ್ಟಪಟ್ಟಿದ್ದೆನೋ ಅವರೇ. ಆಯಿತು ಎಂದೆ. ಕುಣಿಗಲ್ ಆಪರೇಟರಿಗೆ ಫೋನ್ ಮಾಡಿ, ನಾಳೆ ಹನ್ನೊಂದರಿಂದ ಕಾಲು ಗಂಟೆ ಆ ಲೈನ್ ಮುಟ್ಟಬೇಡಿ ಎಂದು ಕೇಳಿಕೊಂಡೆ. ಅಮೀನಾಬಿಗೆ ಸ್ವಿಚ್ ಹಾಕಿಟ್ಟಿರು ಎಂದೆ. ಅನಂತಯ್ಯನವರಿಗೆ ಹೇಳುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ಡಾಕ್ಟರು ಸಿಕ್ಕರು. ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು ತಿರುಗಿಸಿದೆ. ಒಂದು ವರ್ಷದಿಂದ ಆ ಗಂಟೆ ಕೇಳದವರು ಓಡಿಬಂದರೆಂದು ಕಾಣುತ್ತದೆ. ಟಿಕ್, ಟಿಕ್, ಟಿಕ್. ಆರೂ ಎತ್ತಿದರು. ಡಾಕ್ಟರು ಶುರು ಮಾಡಿದರು. ಒಂದೇ ನಿಮಿಷದಲ್ಲಿ ನನಗೆ ನನ್ನ ಮೂರ್ಖತನ ತಿಳಿಯಿತು. ಆರು ರಿಸೀವರಿನಲ್ಲಿ ಅವರ ದನಿ ಹಂಚಿಹೋಗಿ ಮತ್ತೆ ಬಾವಿಯ ತಳ ಸೇರಿತ್ತು.

"ಏನಂತಾವ್ನೆ?" "ಒಂದೂ ಕೇಳಿಸ್ತಿಲ್ಲ." "ಟಿ.ಬಿ. ಅಂದಂಗಾಯ್ತು ಕಣ್ಲಾ!" "ನಾನೇಳ್ಲಿಲ್ವಾ? ಇನ್ನೂ ಐತೆ!"

"ಸಾರ್, ಜೋರಾಗಿ ಹೇಳಿ ಸಾರ್," ಎಂದು ಟೀಚರ್ ಬೇಡುತ್ತಿದ್ದರು. ಡಾಕ್ಟರು ಕೂಗಿದರು. ಕೂಗಿದ್ದರಲ್ಲಿ ಮತ್ತೆ ಅದೇ ಒಂದು ಪದ ಮಾತ್ರ ದಾಟಿತು.

ಗುಬ್ಬಿಯಿಂದ ಹೋಗುವ ನನ್ನ ದನಿ ತುಮಕೂರಿನಿಂದ ಬರುವ ದನಿಗಿಂತ ಗಟ್ಟಿಯಾಗಿ ಆ ಊರುಗಳಿಗೆ ಕೇಳುತ್ತಿತ್ತು. ಅವರ ಮಾತು ನಮ್ಮದಲ್ಲ ಎಂದು ಲೀಲಮ್ಮನವರು ಕಲಿಸಿದ್ದರು. ಆಪರೇಟರ್ ನಡುವೆ ಬಾಯಿ ಹಾಕಿದರೆ ನೌಕರಿಗೇ ಕುತ್ತು. ನಾನು ಮಾತಾಡುವ ಕೀ ಒತ್ತಿದೆ.

"ಎಲ್ಲಾರೂ ಸುಮ್ಕಿರಿ!"

ಅದು ನನ್ನ ದನಿ ಎಂದು ನನಗೇ ನಂಬಿಕೆ ಬರಲಿಲ್ಲ. ತಂತಿ ನಿಶ್ಶಬ್ದವಾಯಿತು.

"ಡಾಕ್ಟ್ರ ಮಾತು ನಿಮಗೆ ಕೇಳಿಸ್ತಿಲ್ಲ, ನಂಗೆ ಕೇಳಿಸ್ತಿದೆ. ಅವರು ಹೇಳಿದ್ದು ಹೇಳ್ದಂಗೇ ಹೇಳ್ತೀನಿ. ಸಾರ್, ಒಂದೊಂದೇ ಹೇಳಿ."

ಡಾಕ್ಟರು ಹೇಳಿದರು, ನಾನು ಕೂಗಿದೆ. ಕಫ ಮೂರು ಸಲ ಪರೀಕ್ಷೆ ಮಾಡಿದ್ದಾರೆ. ಮೂರು ಸಲವೂ ಏನೂ ಇಲ್ಲ. ಅವರಿಂದ ಯಾರಿಗೂ ಕಾಯಿಲೆ ಹರಡುವುದಿಲ್ಲ. ಮಕ್ಕಳ ಜೊತೆ ಕೂರಬಹುದು, ಒಂದೇ ಕೊಡದ ನೀರು ಕುಡಿಯಬಹುದು. ನನ್ನ ಮಗಳನ್ನೇ ಬೇಕಾದರೂ ಅವರ ಶಾಲೆಗೆ ಕಳಿಸುತ್ತೇನೆ.

ಒಬ್ಬ ಗಂಡಸು ಕೇಳಿದ. "ಯಾರಮ್ಮ ನೀನು? ಡಾಕ್ಟ್ರೇ ಹಿಂಗಂದ್ರು ಅಂತ ಹೆಂಗ್ ನಂಬಾದು?"

"ನಾನು ಎಕ್ಸ್‌ಚೇಂಜಿನ ಗಂಗಮ್ಮ. ಹೋದ್ಸಲ ಗಂಟೆ ಹೊಡೆದೋಳೂ ನಾನೇ. ಅವತ್ತು ಡಾಕ್ಟ್ರು ಟಿ.ಬಿ. ಐತೆ ಅಂದ ಮೇಲೆ ಹೆದರ್ಬೇಡಿ, ಪೂರ್ತಿ ವಾಸಿ ಆಗ್ತದೆ ಅಂದಿದ್ರು. ಅದು ನಿಮ್ಗೆ ಕೇಳಿಸ್ಲಿಲ್ಲ, ನಂಗೆ ಕೇಳಿಸ್ತು. ನಾನು ಬಾಯಿ ಮುಚ್ಕೊಂಡಿದ್ದೆ. ನನ್ನ ತಪ್ಪಿಗೆ ಆಯಮ್ಮ ಬೀದೀಲಿ ಕೂತ್ರು. ನಂಬದೇ ಇದ್ರೆ ಟೀಚರಮ್ಮನ ಊರೋರು ಬಿಟ್ಟು ಮಿಕ್ಕೋರು ಒಬ್ಬೊಬ್ರೇ ಫೋನ್ ಇಡ್ತಾ ಬನ್ನಿ. ಕೊನೆಗೆ ಉಳಿಯೋರಿಗೆ ಡಾಕ್ಟ್ರ ದನಿ ತಾನೇ ಕೇಳಿಸ್ತದೆ."

ಆಮೇಲೆ ಟಿಕ್ ಎಂದಿತು. ಇನ್ನೊಂದು ಟಿಕ್. ಒಂದೊಂದು ರಿಸೀವರ್ ಕೆಳಗಿಟ್ಟ ಹಾಗೂ ಡಾಕ್ಟರ ದನಿ ಮೇಲೆದ್ದು ಬಂತು. ಕೊನೆಗೆ ಅಮೀನಾಬಿಯೂ ಇಟ್ಟಳು. ಟೀಚರ ಊರೊಂದೇ ಉಳಿಯಿತು.

"ಹಲೋ," ಎಂದು ವಯಸ್ಸಾದವರೊಬ್ಬರು ರಿಸೀವರ್ ಇಸಿದುಕೊಂಡರು. ಡಾಕ್ಟರು ಮೊದಲಿನಿಂದ ಎಲ್ಲ ಹೇಳಿದರು. ಅಜ್ಜ ಹೂಂಗುಟ್ಟುತ್ತಾ ಕೇಳಿದರು.

"ಆಯ್ತು ಸ್ವಾಮಿ, ಕೇಳಿಸ್ತು," ಎಂದರು. ಆಮೇಲೆ ರಿಸೀವರಿನಿಂದ ಮುಖ ತಿರುಗಿಸಿ ಹೇಳಿದ್ದು ದೂರದಿಂದ ಬಂತು. "ಟೀಚರಮ್ಮಾ, ನಮ್ಮ ಮೊಮ್ಮಗ ನೀನ್ ಹೋದಾಗ್ಲಿಂದ ಮಗ್ಗಿ ಮರ್ತು ಕುಂತವ್ನೆ. ನಾಳೆಯಿಂದ ಬರ್ತೀಯೋ, ಇವತ್ತೇ ಶುರು ಮಾಡ್ತೀಯೋ?"

ಟೀಚರ್ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ನಾನು ಅಷ್ಟರಲ್ಲಿ ಕೀ ಬಿಟ್ಟು ಹೊರಗೆ ಬಂದಿದ್ದೆ.

ತಿರುಗಿ ನೋಡಿದರೆ ಅನಂತಯ್ಯನವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಬಂದು ದೂರಿನ ಪುಸ್ತಕ ತೆಗೆದುಕೊಂಡು, 'ಲೈನ್ ಮಂದವಾಗಿತ್ತು. ಆಪರೇಟರ್ ಸಂದೇಶ ದಾಟಿಸಿದರು' ಎಂದು ಬರೆದು ಸಹಿ ಹಾಕಿದರು. "ನೀರು ಕುಡೀರಿ," ಎಂದು ಹೇಳಿ ಹೊರಟುಹೋದರು.

ಆರೂರ ಲೈನಿನ ಮುಚ್ಚಳ ಮತ್ತೆ ಬಿತ್ತು. ಪ್ಲಗ್ ಚುಚ್ಚಿದೆ. ಅಮೀನಾಬಿ.

"ಅಕ್ಕಾ, ಇನ್ನು ಸ್ವಿಚ್ ತೆಗೀಲಾ?"

"ತೆಗೀಮ್ಮ," ಎಂದೆ.